ಹಸಿ ತೂಕ, ಒಣ ತೂಕ

ಆಸ್ಪರಿ ಎಲ್ಲಿದೆ ಎಂದು ಕಾಸರಗೋಡಿನ ಕಡೆಯ ಓದುಗರು ಕೇಳಿದರೆ ತಪ್ಪೇನೂ ಇಲ್ಲ. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ರಾಯಚೂರು ದಾಟಿ, ಆದೋನಿ ದಾಟಿ, ಗುಂತಕಲ್ಲು ಇನ್ನೂ ಬಂದಿಲ್ಲ ಎನ್ನುವಾಗ ಕಿಟಕಿಯಲ್ಲಿ ಸರಿದು ಹೋಗುವ ಸಣ್ಣ ನಿಲ್ದಾಣ ನಮ್ಮದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮೂರು ವರ್ಷದ ನಂತರ ನಿಮ್ಮ ಊರಿಗೆ ಏನಾಯಿತೆಂಬುದು ನಿಮಗೆ ಗೊತ್ತು. ಆದ್ದರಿಂದ ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಎಂದರೇನೆಂದು ನಿಮಗೆ ವಿವರಿಸಬೇಕಾಗಿಲ್ಲ.

ನಾನು ಹುಟ್ಟಿದ್ದು, ಓದಿದ್ದು ಸಿರುಗುಪ್ಪದಲ್ಲಿ, ಕನ್ನಡದಲ್ಲಿ. ಮದುವೆಯಾಗಿ ಆಸ್ಪರಿಗೆ ಬಂದೆ. ತೆಲುಗು ಕಲಿಸಿದವರು ನಮ್ಮ ಅತ್ತೆ. ಅವರು ಹೊಲದಲ್ಲಿ ತೆಲುಗು, ದೇವರ ಮುಂದೆ ಕನ್ನಡ, ಸಿಟ್ಟು ಬಂದರೆ ಎರಡನ್ನೂ ಆಡುತ್ತಾರೆ. ಆ ಎರಡು ಮಾತುಗಳೇ ಮುಂದೆ ನನ್ನ ಅನ್ನವಾದೀತೆಂದು ಆಗ ಯಾರೂ ನೆನೆಸಿರಲಿಲ್ಲ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಾನು ಪಾಠ ಹೇಳುತ್ತಿದ್ದ ಖಾಸಗಿ ಶಾಲೆಯೂ ಮುಚ್ಚಿತು, ಸಂಬಳವೂ ನಿಂತಿತು. ಬೆಂಗಳೂರಿನ ಕಂಪ್ಯೂಟರ್ ನೌಕರರು ಲ್ಯಾಪ್‌ಟಾಪ್ ಹಿಡಿದು ತಮ್ಮ ತಮ್ಮ ಊರುಗಳಿಗೆ ಬಂದ ಕಾಲ ಅದು. ಪರಿಚಯದ ಒಬ್ಬರು, ತೆಲುಗಿನಿಂದ ಕನ್ನಡಕ್ಕೆ ನಾಲ್ಕು ಪುಟ ಮಾಡಿಕೊಡುತ್ತೀರಾ ಎಂದು ಕೇಳಿದರು. ಬೀಜೋಪಚಾರದ ಕರಪತ್ರ. ಫೋನಿನಲ್ಲೇ ಟೈಪು ಮಾಡಿ ಕಳಿಸಿದೆ. ಮರುವಾರ ಖಾತೆಗೆ ಹಣ ಬಿತ್ತು. ಆದೋನಿಗೆ ಹೋಗಿ ಹಳೆಯದೊಂದು ಲ್ಯಾಪ್‌ಟಾಪ್ ಕೊಂಡು ತಂದೆ. ಅಂದಿನಿಂದ ಬ್ಯಾಂಕಿನ ಆ್ಯಪ್, ಔಷಧದ ಚೀಟಿ, ಮಕ್ಕಳ ಪಾಠದ ವಿಡಿಯೋ, ಹೊಲಿಗೆ ಯಂತ್ರದ ಕೈಪಿಡಿ, ಏನು ಬಂದರೂ ಮಾಡಿದ್ದೇನೆ. ಯಾರ ನೌಕರಳೂ ಅಲ್ಲ, ಕೆಲಸವಿಲ್ಲದವಳೂ ಅಲ್ಲ. ಬೀದಿಯವರ ಲೆಕ್ಕದಲ್ಲಿ ಮಾತ್ರ ‘ಮನೆಯಲ್ಲೇ ಇರುವವಳು’.

ಇನ್ನು ಸುಗ್ಗಿಯ ಮಾತು. ನಿಮಗೆ ಸುಗ್ಗಿ ಎಂದರೆ ಕೊಯ್ಲಿನ ಹಬ್ಬವಿರಬಹುದು. ಕರ್ನೂಲಿನ ಪಶ್ಚಿಮದ ಹಳ್ಳಿಗಳಲ್ಲಿ ಸುಗ್ಗಿಗೆ ಹೋಗುವುದೆಂದರೆ ಊರು ಬಿಡುವುದು. ನಮ್ಮದು ಮಳೆ ನಂಬಿದ ನೆಲ. ಹತ್ತಿ, ಕಡಲೆಕಾಯಿ, ಟೊಮೇಟೊ. ಮಳೆ ಬಂದರೆ ಬೆಲೆ ಇಲ್ಲ, ಬೆಲೆ ಬಂದರೆ ಬೆಳೆ ಇಲ್ಲ. ಬೆಳೆ ಮುಗಿದ ಮೇಲೆ ಪಾತ್ರೆ, ಹಾಸಿಗೆ, ಕೆಲವರು ಶಾಲೆ ಬಿಡಿಸಿದ ಮಕ್ಕಳನ್ನೂ ಕಟ್ಟಿಕೊಂಡು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. ಅತ್ತೆ ಇಪ್ಪತ್ತು ವರ್ಷ ಹೋದವರು. ಬಿಡಿಸಿದಷ್ಟು ಕಿಲೋ, ಕಿಲೋಗೆ ಇಷ್ಟು ಕೂಲಿ.

2022ರಲ್ಲಿ ನಾನು ಅವರಿಗೆ ಹೇಳಿದೆ: “ಅತ್ತೆ, ಈ ಸಲ ನೀವು ಹೋಗಬ್ಯಾಡ್ರಿ. ನನ್ನ ಕೆಲಸದ ರೊಕ್ಕ ಬರೋದೈತಿ.” ಆ ದಸರೆಗೆ ದೊಡ್ಡ ಕೆಲಸವೊಂದು ಬಂದಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ 40,000 ಪದ, ಪದಕ್ಕೆ 1 ರೂಪಾಯಿ. ಎರಡು ತಿಂಗಳು ಬೆಳಗಿನ ನಾಲ್ಕಕ್ಕೆ ಎದ್ದು ಮಾಡಿದೆ. ಕರೆಂಟು ಹೋದರೆ ಫೋನಿನಲ್ಲಿ, ಸಿಗ್ನಲ್ ಹೋದರೆ ಮಾಳಿಗೆಯ ಮೇಲೆ ಕುಳಿತು. ಮಗಳ ಜ್ವರದ ರಾತ್ರಿಯೂ ಮಾಡಿದೆ. ನವೆಂಬರ್ ಕೊನೆಗೆ ಒಪ್ಪಿಸಿದೆ. ಡಿಸೆಂಬರ್ ಹೋಯಿತು, ಹಣ ಬರಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಸಂಕ್ರಾಂತಿ ಕಳೆದ ಮೇಲೆ ಅತ್ತೆ ಒಂದು ಮಾತೂ ಆಡದೆ ಬುತ್ತಿಗೆ ರೊಟ್ಟಿ ತಟ್ಟಿಕೊಂಡರು. ಲಾರಿ ಹತ್ತುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಳುತ್ತೇನೆಂದು ಅವರಿಗೆ ಗೊತ್ತಿತ್ತು.

ಹಣ ಬಂದದ್ದು ಮೇ ತಿಂಗಳಲ್ಲಿ, ಅದೂ 29,000 ಪದಗಳಿಗೆ. ನಾನು ಇಂಗ್ಲಿಷಿನ ಪದ ಎಣಿಸಿದ್ದೆ, ಅವರು ಕನ್ನಡದ ಪದ ಎಣಿಸಿದ್ದರು. ಕನ್ನಡ ಬಲ್ಲವರಿಗೆ ಇದರ ಗುಟ್ಟು ತಕ್ಷಣ ಹೊಳೆಯುತ್ತದೆ. ‘ಇನ್ ದ ಹೌಸ್’ ಎಂದರೆ ಅಲ್ಲಿ ಮೂರು ಪದ, ನಮ್ಮಲ್ಲಿ ‘ಮನೆಯಲ್ಲಿ’ ಎಂಬ ಒಂದೇ ಪದ. ವಿಭಕ್ತಿ ನಾಮಪದದ ಬೆನ್ನಿಗೆ ಅಂಟಿಕೊಳ್ಳುವ ಭಾಷೆ ನಮ್ಮದು. ಮಲಯಾಳದಲ್ಲಂತೂ ಪದಗಳು ಇನ್ನೂ ಬಿಗಿಯಾಗಿ ಕೂಡಿಕೊಳ್ಳುತ್ತವೆ. ನನ್ನ ಭಾಷೆಯ ಸೊಗಸೆಂದು ನಾನು ಮಕ್ಕಳಿಗೆ ಹೇಳಿಕೊಟ್ಟದ್ದೇ ನನ್ನ ಕೂಲಿಯಲ್ಲಿ 11,000 ರೂಪಾಯಿಯ ಖೋತಾ ಆಯಿತು.

ಅತ್ತೆ ಅಷ್ಟರಲ್ಲಿ ಊರಿಗೆ ಬಂದಿದ್ದರು. ಮೆಣಸಿನಕಾಯಿಯ ಉರಿಗೆ ಬೆರಳ ತುದಿಗಳೆಲ್ಲ ಸುಲಿದಿದ್ದವು. ನಾಚಿಕೆಯಿಂದಲೇ ಸಂಗತಿ ಹೇಳಿದೆ. ಬೈಯಬಹುದೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: “ಹಸಿ ತೂಕನೋ ಒಣ ತೂಕನೋ, ಮೊದಲ ಕೇಳಿಕೊಂಡಿದ್ದಿಲ್ಲೇನಮ್ಮಾ?”

ಗಿಡದಿಂದ ಬಿಡಿಸಿದ ಹಸಿ ಕಾಯಿಯನ್ನು ಅಲ್ಲೇ ಕಾಟಾ ಹಾಕಿದರೆ ಕೂಲಿಯವರಿಗೆ ನ್ಯಾಯ. ಒಣಗಿಸಿ ತೂಗುತ್ತೇನೆ ಎಂದರೆ ಬಿಸಿಲು ಕುಡಿದ ತೂಕವೆಲ್ಲ ಅವರದೇ ನಷ್ಟ. ಅಕ್ಷರ ಬಾರದ ಹೆಂಗಸು ಲಾರಿ ಹತ್ತುವ ಮೊದಲೇ ಕೇಳಿಕೊಳ್ಳುವ ಪ್ರಶ್ನೆಯನ್ನು ಪದವಿ ಪಡೆದ ನಾನು ಕೇಳಿರಲಿಲ್ಲ. ‘ಸ್ವತಂತ್ರ ಕೆಲಸ’ ಎಂಬ ಹೊಸ ಹೆಸರಿಗೆ ನಾನು ಮರುಳಾಗಿದ್ದೆ. ಅದು ನಮ್ಮ ಮನೆಯ ಹಳೆಯ ಕೆಲಸವೇ ಎಂಬುದು ಅಂದು ತಿಳಿಯಿತು.

ಅಂದಿನಿಂದ ಒಂದು ನೋಟುಬುಕ್ ಇಟ್ಟಿದ್ದೇನೆ. ಕೆಲಸ ಒಪ್ಪುವ ಮೊದಲು ಎಣಿಕೆ ಯಾವ ಭಾಷೆಯದು, ಗಡುವು ಯಾವತ್ತು, ಹಣ ಯಾವತ್ತು ಎಂಬ ಮೂರನ್ನೂ ಬರಹದಲ್ಲೇ ಕೇಳಿ ಅದರಲ್ಲಿ ಗೀಚಿಕೊಳ್ಳುತ್ತೇನೆ. ಹೊಸಬರಾದರೆ ಅರ್ಧ ಮುಂಗಡ. ಮಾದರಿಗೆಂದು ಪುಕ್ಕಟೆ ಮಾಡಿಕೊಡುವುದು ಒಂದು ಪುಟ ಮಾತ್ರ. ಗಳಿಕೆಯ ಅರ್ಧಕ್ಕಿಂತ ಹೆಚ್ಚು ಒಬ್ಬರಿಂದಲೇ ಬರದಂತೆ ನೋಡಿಕೊಳ್ಳುತ್ತೇನೆ. ಬೆಳಗಿನ ಮೂರು ಗಂಟೆ ಹೊಸ ಅನುವಾದಕ್ಕೆ, ಮಧ್ಯಾಹ್ನ ತಿದ್ದುವುದಕ್ಕೆ, ದೀಪ ಹಚ್ಚಿದ ಮೇಲೆ ಏನೂ ಇಲ್ಲ. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟ. ಕಚೇರಿಗೆ ಹೋದವರಿಗೆ ಮನೆಗೆ ಬರುವ ಹೊತ್ತೊಂದಿರುತ್ತದೆ. ಮನೆಯೇ ಕಚೇರಿಯಾದವರು ಎಲ್ಲಿಂದ ಎಲ್ಲಿಗೆ ಬರಬೇಕು?

ಈಗ ಇನ್ನೊಂದು ಒಣ ತೂಕ ಬಂದಿದೆ. ಯಂತ್ರವೇ ಅನುವಾದ ಮಾಡುತ್ತದೆ, ನೀವು ತಿದ್ದಿದರೆ ಸಾಕು, ಆದ್ದರಿಂದ ದರ ಕಡಿಮೆ ಎನ್ನುತ್ತಾರೆ. ಚಿತ್ರವನ್ನು ಕತ್ತರಿಸಿ ಎನ್ನುವ ‘ಕ್ರಾಪ್’ ಪದಕ್ಕೆ ‘ಬೆಳೆ’ ಎಂದು ಬರೆದ ಪುಟವೊಂದು ನನಗೆ ಬಂದಿತ್ತು. ಅಂಥದ್ದು ತಿದ್ದಲು ಸುಲಭ. ನುಣ್ಣಗೆ ಓದಿಸಿಕೊಂಡು ಹೋಗಿ ಅರ್ಥ ಮಾತ್ರ ತಪ್ಪಿರುವ ವಾಕ್ಯವನ್ನು ಹಿಡಿಯಲು ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿಯುತ್ತದೆ. ಹಾಗಾಗಿ ತಿದ್ದುವ ಕೆಲಸಕ್ಕೆ ನಾನು ಪದದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ 2024ರಲ್ಲಿ ಅತ್ತೆ ಸುಗ್ಗಿಗೆ ಹೊರಟು ನಿಂತರು. ಆಗ ಮನೆಯಲ್ಲಿ ಹಣವಿತ್ತು. ನನಗೆ ಸಿಟ್ಟೇ ಬಂತು. ಅವರು ಸೀರೆ ಮಡಚುತ್ತಾ ಹೇಳಿದರು: “ಅಲ್ಲಿ ನಾವು ಹದಿನೈದು ಮಂದಿ ಇರ್ತೀವಮ್ಮಾ. ಕಾಟಾ ತಪ್ಪಿದರ ಹದಿನೈದು ಬಾಯಿ ಏಳ್ತಾವು. ನೀ ಒಬ್ಬಾಕೀನ ಕುಂತು ಯಾರ ಕೂಡ ಜಗಳಾಡ್ತಿ?”

ಉತ್ತರ ನನ್ನಲ್ಲಿರಲಿಲ್ಲ. ಅದು ಸಿಕ್ಕಿದ್ದು ನಿಮ್ಮ ಕಡೆಯಿಂದ. ಕುಂಬಳೆಯ ಗೆಳತಿಯೊಬ್ಬಳು ಕನ್ನಡ–ಮಲಯಾಳ ಅನುವಾದ ಮಾಡುತ್ತಾಳೆ. ಒಂದೇ ಕೈಪಿಡಿಯ ಎರಡು ಭಾಷೆಗಳನ್ನು ಮಾಡುವಾಗ ಫೋನಿನಲ್ಲಿ ಪರಿಚಯವಾದವಳು. ನಾನು ಈ ಕತೆ ಹೇಳಿದಾಗ ಆಕೆ, “ಅಕ್ಕಾ, ನನ್ನ ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು” ಎಂದಳು. ಎಲೆ, ಹೊಗೆಸೊಪ್ಪು ಮನೆಗೆ ತಂದು, ಸಾವಿರಕ್ಕೆ ಇಷ್ಟೆಂದು ಕಟ್ಟಿ ಕೊಡುವ ಕೆಲಸ. ಮನೆಯಲ್ಲಿ ಕುಳಿತು ದೂರದ ಧಣಿಗೆ ದುಡಿಯುವುದು ನಿಮ್ಮ ಜಗಲಿಗಳಿಗೆ ಹೊಸದಲ್ಲ. ಆದರೆ ಅವರು ಒಂಟಿಯಾಗಿ ಉಳಿಯಲಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. 1969ರಲ್ಲಿ ಕಣ್ಣೂರಿನಲ್ಲಿ ಕೆಲಸ ಕಳೆದುಕೊಂಡ ಬೀಡಿ ಕಾರ್ಮಿಕರಿಂದ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. 1985ರಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದಿತು. ಇದ್ಯಾವುದೂ ತಾನಾಗಿ ಬಂದದ್ದಲ್ಲ. ನಮ್ಮಂಥವರ ಹೊಸ ದುಡಿಮೆಯ ಕಡೆಗೆ ಕಾನೂನು ಈಗಷ್ಟೇ ಕಣ್ಣು ತೆರೆದಿದೆ. ಆ್ಯಪುಗಳ ಮೂಲಕ ಬಿಡಿ ಕೆಲಸ ಮಾಡುವವರ ಹೆಸರೆತ್ತಿದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು.

ಈಗ ನಾವು ಏಳು ಜನ ಇದ್ದೇವೆ. ಆಸ್ಪರಿ, ಕುಂಬಳೆ, ಬಳ್ಳಾರಿ, ರಾಯಚೂರು ಎಂದು ಚೆದುರಿದವರು. ಫೋನಿನಲ್ಲಿ ಒಂದು ಗುಂಪು, ಅಷ್ಟೇ. ಯಾರು ಹೊತ್ತಿಗೆ ಕೊಟ್ಟರು, ಯಾರು ಆರು ತಿಂಗಳು ಅಲೆಸಿದರು ಎಂಬುದು ಅಲ್ಲಿ ಬೀಳುತ್ತದೆ. ಒಬ್ಬಳ ಮನೆಯಲ್ಲಿ ಹೆರಿಗೆಯಾದರೆ ಇನ್ನೊಬ್ಬಳು ಗಡುವು ಹೊರುತ್ತಾಳೆ. ಒಬ್ಬಳು ಬೇಡವೆಂದು ಬಿಟ್ಟ ದರಕ್ಕೆ ಉಳಿದ ಆರು ಜನ ಹೂಂ ಎನ್ನುವುದಿಲ್ಲ. ಎರಡು ಸಲ ಈ ಮಾತು ಮುರಿದದ್ದೂ ಉಂಟು. ಒಮ್ಮೆ ಮುರಿದವಳು ನಾನೇ. ಮಗಳ ಫೀಸು ಕಟ್ಟುವ ವಾರ ಅದು.

ಗುಂಪಿನ ಸುದ್ದಿ ಕೇಳಿ ಅತ್ತೆ ಮೊದಲು ಎಷ್ಟು ಜನ ಎಂದು ವಿಚಾರಿಸಿದರು. ಏಳು ಎಂದೆ.

“ಸಾಲೋದಿಲ್ಲ,” ಎಂದರು. “ಇನ್ನೊಂದೆಂಟು ಮಂದಿ ಹುಡುಕ್ರಿ.”