ಅವ್ವನ ಜೊತೆ ಹುಲಿಯ ಗೂಡಿಗೆ

ನಾವಿರುವ ಕಾಮೋಠೆಗೆ ಹತ್ತಿರದ ಲೋಕಲ್ ಸ್ಟೇಷನ್ನಿನ ಹೆಸರು ಮಾನಸರೋವರ. ಹಾರ್ಬರ್ ಲೈನಿನಲ್ಲಿ ಖಾರ್‌ಘರ್ ದಾಟಿದ ಮೇಲೆ ಬರುತ್ತದೆ. ಊರಿಂದ ಬಂದ ಹೊಸದರಲ್ಲಿ ಅವ್ವ ಈ ಹೆಸರು ಕೇಳಿ ಬಹಳ ನಕ್ಕಿದ್ದಳು. "ದಿನಾ ಮಾನಸರೋವರಕ್ಕ ಹೋಗಿ ಬರ್ತೀಯಲ್ಲೋ, ಒಮ್ಮೆ ನನಗೂ ಖರೇ ಹಿಮಾಲಯ ತೋರಸು" ಅಂದಳು. ಅಪ್ಪ ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಹಾಗಾಗಿ ಹೋದ ನವೆಂಬರಿನಲ್ಲಿ ನಾವಿಬ್ಬರೂ ಭೂತಾನಿಗೆ ಹೊರಟೆವು. ಹೆಂಡತಿ ಮಗನ ಪರೀಕ್ಷೆಗೆಂದು ಮನೆಯಲ್ಲೇ ಉಳಿದಳು. ಭೂತಾನಿಗೆ ನಮಗೆ ವೀಸಾ ಬೇಡ, ನಮ್ಮ ರೂಪಾಯಿ ಅಲ್ಲಿ ಹಾಗೆಯೇ ನಡೆಯುತ್ತದೆ. ಉಳಿಯುವ ಪ್ರತಿ ರಾತ್ರಿಗೆ ತಲೆಗೆ 1,200 ರೂಪಾಯಿ ಸರಕಾರಕ್ಕೆ ಕಟ್ಟಬೇಕು, ಅಷ್ಟೆ. ಮುಂಬಯಿಯಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಫುಂಟ್‌ಶೋಲಿಂಗ್ ಗಡಿ ದಾಟಿ ರಸ್ತೆ.

ಭೂತಾನಿನ ಜಾಹೀರಾತುಗಳಲ್ಲಿ ಕಡಿದಾದ ಬಂಡೆಗೆ ಅಂಟಿಕೊಂಡಂತೆ ಕಾಣುವ ಬಿಳಿ ಗೋಡೆಯ ಮಠವೊಂದನ್ನು ನೀವು ನೋಡಿರುತ್ತೀರಿ. ಅದು ಪಾರೊ ಕಣಿವೆಯ ತಾಕ್‌ತ್ಸಾಂಗ್. ಹೆಸರಿನ ಅರ್ಥ ಹುಲಿಯ ಗೂಡು. 8ನೇ ಶತಮಾನದಲ್ಲಿ ಗುರು ಪದ್ಮಸಂಭವರು ಹೆಣ್ಣುಹುಲಿಯ ಬೆನ್ನೇರಿ ಹಾರಿ ಬಂದು ಇಲ್ಲಿನ ಗುಹೆಯಲ್ಲಿ ಧ್ಯಾನಕ್ಕೆ ಕೂತರೆಂದು ನಂಬಿಕೆ. ಗುಹೆಯ ಸುತ್ತ ಮಠ ಕಟ್ಟಿದ್ದು 1692ರಲ್ಲಿ. 1998ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಈಗ ನಾವು ನೋಡುವುದು 2005ರ ಹೊತ್ತಿಗೆ ಮತ್ತೆ ಕಟ್ಟಿ ನಿಲ್ಲಿಸಿದ್ದು. ಅವ್ವನಿಗೆ ಪದ್ಮಸಂಭವರು ಹೊಸಬರಲ್ಲ. ಬೈಲಕುಪ್ಪೆಯ ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳಲ್ಲಿ ಅವರದೂ ಒಂದು. "ಆ ಮೀಸಿ ಗುರು" ಎಂದು ಅವಳು ಗುರುತು ಹಿಡಿದಳು.

ಬೆಟ್ಟದ ಬುಡದಲ್ಲಿ ಕುದುರೆಯವರು ನಿಂತಿದ್ದರು. ಅರ್ಧ ದಾರಿಯ ಕೆಫೆಟೇರಿಯಾದ ತನಕ ಮಾತ್ರ ಕುದುರೆ, ಇಳಿಯುವಾಗ ಯಾರನ್ನೂ ಕೂರಿಸುವುದಿಲ್ಲ ಎಂದು ಗೈಡ್ ಹುಡುಗ ಹೇಳಿದ. ಅರ್ಧ ದಾರಿಗೆ ಇಷ್ಟು ದುಡ್ಡೇ ಎಂದು ನನಗೆ ಅನ್ನಿಸಿತು. ಅವ್ವ ದಿನಾ ಸೊಸೈಟಿಯ ಸುತ್ತ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತಾಳೆ, ಶ್ರವಣಬೆಳಗೊಳದ ಬೆಟ್ಟ ಹತ್ತಿದವಳು. "ನಡೀತಾರೆ" ಎಂದು ನಾನೇ ಹೇಳಿಬಿಟ್ಟೆ. ಅವ್ವನನ್ನು ಕೇಳಲಿಲ್ಲ. ಬಾಡಿಗೆಗೆ ಎರಡು ಕೋಲು ತೆಗೆದುಕೊಂಡು ಎಂಟು ಗಂಟೆಗೆ ಹೊರಟೆವು.

ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಪಾರೊದ ವಿಮಾನ ನಿಲ್ದಾಣವೇ 2,200 ಮೀಟರಿನ ಮೇಲಿದೆ, ಮಠ 3,120ರಲ್ಲಿ. ಸಮುದ್ರದ ಮಟ್ಟದ ಕಾಮೋಠೆಯಲ್ಲಿ ನಡೆದ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಪ್ಪತ್ತು ಹೆಜ್ಜೆಗೆ ಒಮ್ಮೆ ಅವ್ವ ನಿಂತಳು, ಆಮೇಲೆ ಹತ್ತಕ್ಕೆ. ಪೈನ್ ಮರಗಳ ನಡುವೆ ಧೂಳಿನ ದಾರಿ, ತಿರುವಿಗೊಮ್ಮೆ ಬಣ್ಣದ ಪತಾಕೆಗಳು. ನಮ್ಮನ್ನು ದಾಟಿ ಕುದುರೆಗಳು ಗಂಟೆ ಸದ್ದು ಮಾಡುತ್ತಾ ಹೋದವು. ಅವುಗಳ ಮೇಲೆ ಅವ್ವನಿಗಿಂತ ಚಿಕ್ಕವರು ಕೂತಿದ್ದರು. ನಾನು ಪತಾಕೆ ನೋಡುತ್ತಾ ನಿಂತೆ.

ಕೆಫೆಟೇರಿಯಾ ಮುಟ್ಟುವಾಗ ಹನ್ನೊಂದಾಗುತ್ತಾ ಬಂದಿತ್ತು. ಅವ್ವ ಬೆಂಚಿನ ಮೇಲೆ ಕೂತು ಎರಡೂ ಮೊಣಕಾಲು ಹಿಡಿದುಕೊಂಡಳು. ಎದುರಿಗೆ ಮಠ ಚೆನ್ನಾಗಿ ಕಾಣುತ್ತಿತ್ತು. "ಇಲ್ಲಿಂದನ ಕೈ ಮುಗಿತೀನಿ. ನೀ ಹೋಗಿ ಬಾ. ನನ್ನ ಪಾಲಿಂದೂ ನೋಡು." ಬೇಡ, ಇಬ್ಬರೂ ಇಳಿಯೋಣ ಎಂದೆ. "ಇಷ್ಟು ದೂರ ಬಂದು ಇಬ್ಬರೂ ಬಿಡೋದೇನು?" ಎಂದು ಗದರಿದಳು. ಗೈಡ್‌ನನ್ನು ಅವಳ ಹತ್ತಿರ ಬಿಟ್ಟು ಹೊರಟೆ.

ಮಠದ ಎದುರಿನ ತಿರುವಿನಲ್ಲಿ ಎಲ್ಲರೂ ಫೋಟೊಕ್ಕೆ ನಿಲ್ಲುತ್ತಾರೆ. ಕೈಚಾಚಿದರೆ ಸಿಗುವಂತೆ ಕಾಣುತ್ತದೆ, ಆದರೆ ನಡುವೆ ಕೊರಕಲು. ಏಳುನೂರಕ್ಕೂ ಹೆಚ್ಚು ಮೆಟ್ಟಿಲು, ಮೊದಲು ಜಲಪಾತದ ತನಕ ಇಳಿಯಬೇಕು, ಆಮೇಲೆ ಹತ್ತಬೇಕು. ಹದಿನೈದು ವರ್ಷ ಕುರ್ಚಿಯಲ್ಲಿ ಕೂತ ಮೈ ನನ್ನದು. ಆ ಹತ್ತುವ ಮೆಟ್ಟಿಲುಗಳಲ್ಲಿ ಎದೆ ಬಡಿತ ಕಿವಿಗೆ ಕೇಳುತ್ತಿತ್ತು.

ಬಾಗಿಲಲ್ಲೇ ಬ್ಯಾಗು, ಮೊಬೈಲ್, ಕ್ಯಾಮೆರಾ ಎಲ್ಲ ಲಾಕರಿನಲ್ಲಿಡಬೇಕು. ಅವ್ವನಿಗೆ ವಿಡಿಯೊ ತೋರಿಸುತ್ತೇನೆ ಎಂದುಕೊಂಡಿದ್ದವನಿಗೆ ಅಲ್ಲಿ ಕೈ ಬರಿದಾಯಿತು. ಹಾಗಾಗಿ ಕಣ್ಣಿಟ್ಟು ನೋಡಿದೆ. ಪಾದಕ್ಕೆ ತಣ್ಣಗೆ ತಾಗುವ ನೆಲ, ಬೆಣ್ಣೆ ದೀಪಗಳ ವಾಸನೆ, ನೀರು ತುಂಬಿದ ಸಾಲು ಬಟ್ಟಲುಗಳು. ನಮ್ಮ ಜನ ಇಟ್ಟ ಬಿಸ್ಕಿಟ್ ಪೊಟ್ಟಣಗಳೂ ನೈವೇದ್ಯದಲ್ಲಿದ್ದವು. ಒಬ್ಬ ಸಣ್ಣ ಭಿಕ್ಷು ಆಕಳಿಸುತ್ತಾ ಮಂತ್ರ ಹೇಳುತ್ತಿದ್ದ. ಅವ್ವನ ಹೆಸರಲ್ಲಿ ಕೈ ಮುಗಿದೆ.

ನಿಜವಾದ ಕಷ್ಟ ಇಳಿಯುವಾಗಿನದು. ನಾನು ಕೆಫೆಟೇರಿಯಾಕ್ಕೆ ಮರಳಿದಾಗ ಎರಡೂವರೆ. ಹತ್ತುವಾಗ ಉಸಿರಿನ ತೊಂದರೆ, ಇಳಿಯುವಾಗ ಮೊಣಕಾಲಿನದು. ಜಾರುವ ಧೂಳಿನಲ್ಲಿ ಅವ್ವ ಅಡ್ಡಡ್ಡ ತಿರುಗಿ, ಒಂದು ಕೈ ನನ್ನ ಹೆಗಲಿಗೆ, ಇನ್ನೊಂದು ಕೋಲಿಗೆ ಕೊಟ್ಟು ಒಂದೊಂದೇ ಹೆಜ್ಜೆ ಇಟ್ಟಳು. ಎರಡು ಸಲ ಕಲ್ಲಿನ ಮೇಲೆ ಕುಸಿದು ಕೂತಳು. ಒಮ್ಮೆ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಬೆವರು ಒರೆಸಿದಂತೆ ಮಾಡಿದಳು. ನವೆಂಬರಿನಲ್ಲಿ ಅಲ್ಲಿ ಐದಕ್ಕೆಲ್ಲ ಬೆಳಕು ಹೋಗುತ್ತದೆ. ಗೈಡ್ ಮೊಬೈಲಿನ ಟಾರ್ಚ್ ಹಿಡಿದು ಮುಂದೆ ನಡೆದ. ಹಿಂದೆ ಯಾರೂ ಇರಲಿಲ್ಲ.

ಆ ಕತ್ತಲಲ್ಲಿ ಅವ್ವ ಕೇಳಿದಳು, "ಕುದುರಿಗೆ ಎಷ್ಟಂದಿದ್ದ?"

ಹೇಳಿದೆ.

"ನಿಮ್ಮಪ್ಪನೂ ಹಿಂಗ ಲೆಕ್ಕಾ ಹಾಕ್ತಿದ್ದ" ಅಂದಳು. ಸಿಟ್ಟಿರಲಿಲ್ಲ, ಅದೇ ಹೆಚ್ಚು ತಾಗಿತು. ಕೆಳಗಿಳಿದಾಗ ಪೌಣೆ ಆರು. ಕಾರು ಹತ್ತುವಾಗ ಅವಳ ಕಾಲನ್ನು ನಾನೇ ಎತ್ತಿ ಒಳಗಿಟ್ಟೆ.

ರಾತ್ರಿ ಹೋಟೆಲಿನಲ್ಲಿ ಬಿಸಿನೀರಿನ ಚೀಲ ಮೊಣಕಾಲಿಗಿಟ್ಟುಕೊಂಡು "ಈಗ ಹೇಳು" ಎಂದಳು. ದೀಪ ಎಷ್ಟಿದ್ದವು, ಬಟ್ಟಲು ಹಿತ್ತಾಳೆಯದೋ ಬೆಳ್ಳಿಯದೋ, ಆ ಹುಡುಗನಿಗೆ ಎಷ್ಟು ವಯಸ್ಸು, ಎಲ್ಲ ಕೇಳಿದಳು. ಒಂದು ಗಂಟೆ ಹೇಳಿದೆ.

ಭೂತಾನಿಗೆ ಹಿರಿಯರನ್ನು ಕರೆದುಕೊಂಡು ಹೋಗುವವರಿದ್ದರೆ ಕುದುರೆ ಮಾಡಿ. ಇಳಿಯುವಾಗ ಹೇಗೂ ನಡೆಯಲೇಬೇಕು, ಮೊಣಕಾಲನ್ನು ಅದಕ್ಕೆ ಉಳಿಸಿಕೊಳ್ಳಲಿ. ಕೆಫೆಟೇರಿಯಾದಿಂದ ಹನ್ನೆರಡರೊಳಗೆ ಇಳಿಯಲು ಶುರು ಮಾಡಿಸಿ.

ಕಾಮೋಠೆಗೆ ಬಂದ ಮೂರನೇ ದಿನ ಕೆಳಗಿನ ಮನೆಯ ಮಂಗಳೂರಿನ ಅಕ್ಕ ಬಂದಿದ್ದರು. ನಾನು ಒಳಗೆ ಆಫೀಸಿನ ಕಾಲ್‌ನಲ್ಲಿದ್ದೆ. ಅವ್ವ ಹೇಳುತ್ತಿದ್ದಳು: "ನೆಲಾ ಅಂದ್ರ ಮಂಜಿನಂಗ ತಣ್ಣಗ ನೋಡ್ರಿ. ಒಂದು ಸಣ್ಣ ಸ್ವಾಮಿ ಇದ್ದ, ಹತ್ತು ವರ್ಷದಾಂವ, ಆಕಳಿಸಿಕೋತ ಮಂತ್ರಾ ಹೇಳತಿದ್ದ." ಮೈಕ್ ಮ್ಯೂಟ್ ಮಾಡಿ ಸ್ವಲ್ಪ ಹೊತ್ತು ಕೇಳುತ್ತಾ ಕೂತೆ.