ನಾಲ್ಕು ಊರು, ನಾಲ್ಕು ಕಟ್ಟುಪಾಡು

ಮಕ್ಕಳೇ, ನಮ್ಮ ಹಾಸನ ಜಿಲ್ಲೆಗೆ ಬಂದವರು ಕ್ಯಾಮೆರಾ ಹಿಡಿದು ಮೊದಲು ಹೋಗುವುದು ಬೇಲೂರು, ಹಳೇಬೀಡಿಗೆ. ಹೋಗಬೇಕಾದದ್ದೇ. ಆದರೆ ನಾವು ದಿನಾ ಓಡಾಡುವ ಸಂತೆ, ಬೀದಿ, ಬಸ್ ನಿಲ್ದಾಣಗಳ ಚಿತ್ರ ತೆಗೆಯುವವರು ಯಾರು? ಬ್ಯಾಂಕಿನ ಗುಮಾಸ್ತಗಿರಿಯಿಂದ ನಿವೃತ್ತನಾದ ಮೇಲೆ ನಾನು ಆ ಕೆಲಸ ಹಿಡಿದೆ. ಒಂದೊಂದು ಊರಿಗೆ ಒಂದೊಂದು ಕಟ್ಟುಪಾಡು ಹಾಕಿಕೊಂಡೆ.

ಹಾಸನದಲ್ಲಿ 12 ಚಿತ್ರ ಮಾತ್ರ. ನಿಮ್ಮ ತಾತನ ಕಾಲದ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ ಬರುತ್ತಿದ್ದದ್ದು ಅಷ್ಟೇ. ಫೋನಿನಲ್ಲೂ ಅದೇ ಲೆಕ್ಕ, ಅಳಿಸುವಂತಿಲ್ಲ. ಆಲೂಗಡ್ಡೆ ಮೂಟೆ ಇಳಿಸುವ ಕಡೆ ಬಹಳ ಹೊತ್ತು ನೋಡಿ, ಆಮೇಲೆ ಒತ್ತಿದೆ. ಮೂಟೆ ಹೊರುವವರು ಬೆನ್ನಿನ ಮೇಲೆ ಮಡಿಸಿದ ಗೋಣಿಚೀಲ ಹಾಕಿಕೊಳ್ಳುವುದು ಕಣ್ಣಿಗೆ ಬಿದ್ದದ್ದು ಆಗಲೇ.

ಹೊಳೆನರಸೀಪುರದಲ್ಲಿ ಜಾಗ ಬದಲಿಸುವಂತಿಲ್ಲ. ಹೇಮಾವತಿ ದಡದ ಒಂದೇ ಜಾಗದಿಂದ ಬೆಳಿಗ್ಗೆ 7ಕ್ಕೊಂದು, 12ಕ್ಕೊಂದು ಚಿತ್ರ. ಬೆಳಗಿನ ಬಿಸಿಲು ಓರೆಯಾಗಿ ಬೀಳುವುದರಿಂದ ಕಲ್ಲಿನ ಉಬ್ಬುತಗ್ಗೆಲ್ಲ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ನಡುಹಗಲಲ್ಲಿ ಅದೇ ಕಲ್ಲು ಚಪ್ಪಟೆ!

ಅರಕಲಗೂಡಿನಲ್ಲಿ ಒಂದೇ ಬಣ್ಣ, ಹಳದಿ. ಹೊಸ್ತಿಲಿನ ಅರಿಶಿನ, ಚೆಂಡುಹೂವಿನ ಮಾಲೆ, ಬಾಳೆಗೊನೆ, ಶಾಲೆಯ ಬಸ್ಸು. ಹುಡುಕುತ್ತಾ ಹೋದರೆ ಬೀದಿಗೆ ಬೀದಿಯೇ ಹಳದಿ.

ಚನ್ನರಾಯಪಟ್ಟಣದಲ್ಲಿ ಜೂಮ್ ಮಾಡುವಂತಿಲ್ಲ. ಬೆರಳಿನಿಂದ ಹಿಗ್ಗಿಸಿದರೆ ಹೆಚ್ಚಿನ ಫೋನುಗಳಲ್ಲಿ ಚಿತ್ರ ಮಸುಕಾಗುತ್ತದೆ. ಬೇಕಾದರೆ ನಡೆದು ಹತ್ತಿರ ಹೋಗಬೇಕು. ಹತ್ತಿರ ಹೋದ ಮೇಲೆ ಕೇಳದೆ ತೆಗೆಯಲಾದೀತೇ? ತೆಂಗಿನಕಾಯಿ ಮಾರುವ ಅಜ್ಜಿಯೊಬ್ಬರನ್ನು ಕೇಳಿದೆ.

“ಯಾಕ್ ಸ್ವಾಮಿ, ಪೇಪರಿಗಾ?”

“ಇಲ್ಲಮ್ಮ, ನೋಡೋಕೆ.”

“ಹಂಗಾದ್ರೆ ತಡೀರಿ, ಸೆರಗು ಸರಿ ಮಾಡ್ಕೊತೀನಿ.”

ಇಷ್ಟೆಲ್ಲ ಕಟ್ಟುಪಾಡು ಏಕೆ? ಲೆಕ್ಕವಿಲ್ಲದೆ ತೆಗೆದ ಚಿತ್ರವನ್ನು ಯಾರೂ ಮತ್ತೆ ನೋಡುವುದಿಲ್ಲ; ಕಟ್ಟಿಹಾಕಿದರೆ ಕಣ್ಣು ಹುಡುಕಲು ಕಲಿಯುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ, ಮಕ್ಕಳ ಚಿತ್ರ ತೆಗೆದೇ ಹೆಸರಾದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇನ್ನೊಂದು ಕಾರಣವೂ ಇದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಚಿತ್ರ ಇಂದು ಸಾವಿರಾರು ಫೋನುಗಳಲ್ಲಿದೆ. ಆದರೆ ಮುಳುಗಿದ ಮನೆಗಳ ಜಗಲಿ, ಬಾವಿಕಟ್ಟೆ, ಹುಣಸೆಮರದ ನೆರಳು? ಅವನ್ನು ಚಿತ್ರ ತೆಗೆಯಬೇಕೆಂದು ಆಗ ಎಷ್ಟು ಜನಕ್ಕೆ ಅನ್ನಿಸಿದ್ದೀತು? ದಿನಾ ಕಾಣುವುದು ನಾಳೆಯೂ ಇರುತ್ತದೆ ಎಂದೇ ಎಲ್ಲರ ನಂಬಿಕೆ.

ಈ ಭಾನುವಾರ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮ ಬೀದಿಗೇ ಹೋಗಿ. 12 ಚಿತ್ರ ತೆಗೆಯಿರಿ. ಒಂದನ್ನು ಅವರೇ ಆರಿಸಲಿ. ಅದನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಹಿಂದುಗಡೆ ತಾರೀಕು, ಜಾಗ, ಅವರು ಹೇಳಿದ ಒಂದು ಮಾತು ಬರೆದಿಡಿ. ತಾರೀಕು ಮಾತ್ರ ಮರೆಯಬೇಡಿ, ಬ್ಯಾಂಕಿನವನು ಹೇಳುತ್ತಿದ್ದೇನೆ!