ಕಾಳಿ ಕಡಲಿಗೆ ಇಳಿಯುವಲ್ಲಿ

ಕಾರವಾರದ ಪೇಟೆಬದಿಯಿಂದ ನೋಡಿದರೆ ಕಡಲಷ್ಟೇ ಕಾಣುತ್ತದೆ. ಕೊಲ್ಲಿ ಕಾಣಬೇಕಾದರೆ ಕಾಳಿ ಸೇತುವೆ ದಾಟಿ ಸದಾಶಿವಗಡ ಗುಡ್ಡ ಹತ್ತಬೇಕು. ಬೇರೆಡೆ ಕಡಲಿನಿಂದ ಮಾರುದೂರ ನಿಲ್ಲುವ ಸಹ್ಯಾದ್ರಿ ಇಲ್ಲಿ ತಡೆಯಲಾರದೆ ನೀರಿಗೇ ಕಾಲಿಟ್ಟಿದೆ. ಉತ್ತರಕ್ಕೆ ಈ ಗುಡ್ಡ, ದಕ್ಷಿಣಕ್ಕೆ ಬಂದರನ್ನು ಮರೆಮಾಡಿ ನಿಂತ ಬೈತಖೋಲದ ಗುಡ್ಡ, ನಡುವೆ ಬಾಗಿದ ಮರಳದಂಡೆ. ಎದುರಿಗೆ ಕೂರ್ಮಗಡ, ಅದರಾಚೆ ದೀಪಸ್ತಂಭ ಹೊತ್ತ ದೇವಗಡ. ಹಿಮಯುಗದಲ್ಲಿ ಕಡಲು ಎಷ್ಟೋ ಕೆಳಗಿದ್ದಾಗ ಇವೂ ನೆಲದ ಮೇಲಿನ ಗುಡ್ಡಗಳೇ. ನೀರೇರಿದ ಮೇಲೆ ದ್ವೀಪಗಳಾದವು. ಅಲೆಯ ಆರ್ಭಟ ಇವುಗಳಿಗೆ ಬಡಿದು ಅರ್ಧ ಇಳಿಯುತ್ತದೆ. ಕೊಲ್ಲಿಯ ಸೌಮ್ಯ ಸ್ವಭಾವ ಈ ಕಲ್ಲುಗಳ ಕೊಡುಗೆ.

1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿದ್ದರು. ದಂಡೆಗೆ ಇಂದು ಅವರದೇ ಹೆಸರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸುಪಾ, ಕದ್ರಾ ಅಣೆಕಟ್ಟುಗಳಲ್ಲಿ ತಡೆದು ತಡೆದು ಸುಮಾರು 184 ಕಿಲೋಮೀಟರ್ ಹರಿದು ಬರುವ ಕಾಳಿ, ಮಳೆಗಾಲದಲ್ಲಿ ಕೊಲ್ಲಿಯನ್ನೇ ಕೆಂಪಗೆ ಮಾಡುತ್ತದೆ. ಹಗುರಾದ ಸಿಹಿನೀರು ಮೇಲೆ, ಭಾರದ ಉಪ್ಪುನೀರು ಅಡಿಯಲ್ಲಿ. ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗು: ಉಬ್ಬರದ ಉಪ್ಪು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ತೊಳೆಯುತ್ತ ಹೊಳೆಯೊಳಗೆ ದೂರದವರೆಗೆ ಏರುತ್ತದೆ. ಈ ಎಳೆದಾಟವನ್ನು ತಾಳಿಕೊಳ್ಳಬಲ್ಲ ಜೀವಿಗಳಷ್ಟೇ ಇಲ್ಲಿ ಉಳಿದಾವು.

ಬಳಚು ಎಂಬ ಚಿಪ್ಪುಜೀವಿ ಅಂಥದ್ದು. ಇಳಿತಕ್ಕೆ ಹೊಳೆಬಾಯಿಯ ಮರಳದಿಬ್ಬ ತಲೆ ಎತ್ತಿದೊಡನೆ ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದರು. ಮರಳಲ್ಲಿ ಎರಡು ಸಣ್ಣ ತೂತು ಕಂಡರೆ ಸಾಕು, ಬೆರಳು ಒಳಗೆ. ನೀರು ಹೀರುವುದಕ್ಕೊಂದು, ಬಿಡುವುದಕ್ಕೊಂದು ನಳಿಗೆ. ನಡುವೆ ಸೋಸಿ ಉಳಿದದ್ದೇ ಅದರ ಊಟ. ಅಜ್ಜಿಯೊಬ್ಬರು ನನ್ನ ಅಂಗೈಗಿಟ್ಟ ಬಳಚು ಕ್ಷಣ ಬಾಯಿಬಿಟ್ಟು, ಚಿರಕ್ಕನೆ ನೀರು ಹಾರಿಸಿ, ಮುಚ್ಚಿಕೊಂಡಿತು.

ಕತ್ತಲಾದ ಮೇಲೆ ದಂಡೆಯಲ್ಲಿ ಬೇರೆಯೇ ಬೆರಗು. ಒಡೆದ ಪ್ರತಿ ಅಲೆಯ ಅಂಚೂ ನೀಲಿ ಬೆಳಕು! ಒದ್ದೆ ಮರಳಲ್ಲಿ ಹೆಜ್ಜೆ ಇಟ್ಟರೆ ಪಾದದ ಸುತ್ತ ಕಿಡಿ. ನಾಕ್ಟಿಲುಕಾ ಎಂಬ ಏಕಕೋಶ ಜೀವಿ, ಕಲಕಿದರೆ ಹೊಳೆಯುತ್ತದೆ. ಅದು ವಿಪರೀತ ಹೆಚ್ಚಿ ಕೊಳೆತರೆ ನೀರಿನ ಪ್ರಾಣವಾಯು ಕುಸಿಯುತ್ತದೆ ಎಂದು ಓದಿದ್ದೆ. ಪಕ್ಕದಲ್ಲಿ ಬಲೆ ಮಡಚುತ್ತಿದ್ದವರು ಅದನ್ನೇ ಬೇರೆ ಮಾತಲ್ಲಿ ಹೇಳಿದರು: “ನೋಡುಕೆ ಚಂದವೇ. ಆದ್ರೆ ಹಿಂಗೆ ಹೊಳೆಯೋ ನೀರಲ್ಲಿ ಬಂಗಡೆ ನಿಲ್ಲೂದಿಲ್ಲ, ಸರ.” ಅವರ ಮಾತು ಮುಗಿಯುವಷ್ಟರಲ್ಲಿ ಹುಡುಗರ ಗುಂಪೊಂದು ಮತ್ತೊಂದು ವಿಡಿಯೊಗಾಗಿ ನೀರು ಕಲಕತೊಡಗಿತ್ತು.